ಮನೆಯ ಚಾವಣಿಗೆ ಸೌರವಿದ್ಯುತ್: ಹಾಕಿಸುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ಸೌರವಿದ್ಯುತ್ ಹಾಕಿಸಲು ಹೊರಟ ಮನೆಯವರು ಮೊದಲು ಕೇಳುವುದು ಎಷ್ಟು ಕಿಲೋವ್ಯಾಟ್ ಬೇಕು ಎಂದು. ಆದರೆ ಅವರು ಬಿಲ್ಲಿನಲ್ಲಿ ಹಣ ತೆರುವುದು ಯೂನಿಟ್‌ಗಳಿಗೆ. ಕಿಲೋವ್ಯಾಟ್ ಎಂಬುದು ಫಲಕಗಳ ಸಾಮರ್ಥ್ಯ, ಅಂದರೆ ಯಾವುದೇ ಕ್ಷಣದಲ್ಲಿ ಅವು ಎಷ್ಟರಮಟ್ಟಿಗೆ ವಿದ್ಯುತ್ ಕೊಡಬಲ್ಲವು ಎಂಬುದರ ಅಳತೆ. ಒಂದು ಕಿಲೋವ್ಯಾಟ್ ಸಾಮರ್ಥ್ಯ ಒಂದು ಗಂಟೆ ಕಾಲ ಪೂರ್ತಿಯಾಗಿ ದುಡಿದರೆ ಒಂದು ಯೂನಿಟ್ ಆಗುತ್ತದೆ. ಇವೆರಡನ್ನು ಬೇರೆಯಾಗಿ ಇಟ್ಟುಕೊಂಡರೆ ಉಳಿದ ಪ್ರಶ್ನೆಗಳಲ್ಲಿ ಹೆಚ್ಚಿನವು ತಾವಾಗಿಯೇ ಸರಳವಾಗುತ್ತವೆ.

ಲೆಕ್ಕವನ್ನು ಹಳೆಯ ಬಿಲ್ಲುಗಳಿಂದ ಆರಂಭಿಸಬೇಕು. ಹಿಂದಿನ 12 ತಿಂಗಳ ಯೂನಿಟ್‌ಗಳನ್ನು ಕೂಡಿಸಿ 365ರಿಂದ ಭಾಗಿಸಿದರೆ ದಿನದ ಸರಾಸರಿ ಬಳಕೆ ಸಿಗುತ್ತದೆ. ಒಂದೇ ತಿಂಗಳ ಬಿಲ್ಲನ್ನು ನೆಚ್ಚಿಕೊಳ್ಳುವುದು ಸರಿಯಲ್ಲ, ಏಕೆಂದರೆ ಋತುವಿಗೆ ತಕ್ಕಂತೆ ಬಳಕೆಯೂ ಬದಲಾಗುತ್ತದೆ, ಬಿಸಿಲೂ ಬದಲಾಗುತ್ತದೆ. ನಂತರ ಆ ಊರಿಗೆ ದಿನಕ್ಕೆ ಎಷ್ಟು ‘ಪೂರ್ಣ ಬಿಸಿಲಿನ ಗಂಟೆ’ಗಳು ದೊರೆಯುತ್ತವೆ ಎಂದು ತಿಳಿದುಕೊಳ್ಳಬೇಕು. ಇದು ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಅವಧಿಯಲ್ಲ; ದಿನವಿಡೀ ಏರಿಳಿಯುತ್ತ ಬಿದ್ದ ಬೆಳಕನ್ನೆಲ್ಲ ಚದರ ಮೀಟರಿಗೆ 1000 ವ್ಯಾಟ್‌ನ ಪ್ರಖರ ಬಿಸಿಲಿಗೆ ಸರಿದೂಗಿಸಿದಾಗ ಬರುವ ಗಂಟೆಗಳ ಸಂಖ್ಯೆ. 3 ಕಿಲೋವ್ಯಾಟ್ ಫಲಕಗಳಿಗೆ ಇಂತಹ 4 ಗಂಟೆ ಸಿಕ್ಕರೆ ಗುಣಲಬ್ಧ 12 ಯೂನಿಟ್ ಆಗುತ್ತದೆ. ಬಿಸಿ, ದೂಳು, ತಂತಿ ಮತ್ತು ಇನ್ವರ್ಟರ್ (ಫಲಕದ ವಿದ್ಯುತ್ತನ್ನು ಮನೆಬಳಕೆಗೆ ತಕ್ಕಂತೆ ಬದಲಿಸುವ ಸಾಧನ) ಇವುಗಳಿಂದ ಆಗುವ ನಷ್ಟಕ್ಕಾಗಿ ಅದರಲ್ಲಿ ಕಾಲು ಭಾಗವನ್ನು ಕಳೆದು, ದಿನಕ್ಕೆ 9 ಯೂನಿಟ್ ಎಂದು ಭಾವಿಸುವುದು ವಿವೇಕ. ಇದನ್ನು ದಿನದ ಸರಾಸರಿ ಬಳಕೆಯೊಂದಿಗೆ ಹೋಲಿಸಿದರೆ ಎಷ್ಟು ಕಿಲೋವ್ಯಾಟ್ ಬೇಕು ಎಂಬುದು ತಿಳಿಯುತ್ತದೆ. ಮಾರಾಟಗಾರರು ಈ ನಷ್ಟವನ್ನು ಕಳೆಯದ ಅಂಕಿಯನ್ನು ತೋರಿಸುತ್ತಿದ್ದಾರೆಯೇ ಎಂದು ನೇರವಾಗಿ ಕೇಳಿಬಿಡಬೇಕು.

ಬಿಸಿಲು ಚುರುಕಾದಷ್ಟೂ ವಿದ್ಯುತ್ ಹೆಚ್ಚುತ್ತದೆಯೇ ಎಂಬುದು ಮುಂದಿನ ಪ್ರಶ್ನೆ. ಫಲಕ ದುಡಿಯುವುದು ಬೆಳಕಿನಿಂದ, ಶಾಖದಿಂದಲ್ಲ. ಸಿಲಿಕಾನ್ ಕೋಶದ ಮೇಲೆ ಬಿದ್ದ ಬೆಳಕು ಎಲೆಕ್ಟ್ರಾನ್‌ಗಳನ್ನು ಸಡಿಲಿಸುತ್ತದೆ, ಕೋಶದೊಳಗಿನ ವಿದ್ಯುತ್ ಕ್ಷೇತ್ರ ಅವುಗಳನ್ನು ಒಂದೇ ದಿಕ್ಕಿಗೆ ತಳ್ಳುತ್ತದೆ. ಹೀಗೆ ಪ್ರತಿ ಕೋಶದಿಂದ ಸುಮಾರು ಅರ್ಧ ವೋಲ್ಟ್ ದೊರೆಯುತ್ತದೆ. ಕೋಶ ಕಾದಷ್ಟೂ ಆ ವೋಲ್ಟೇಜ್ ಇಳಿಯುತ್ತದೆ. ಫಲಕದ ಮೇಲೆ ಮುದ್ರಿಸಿರುವ ವ್ಯಾಟ್ ಪ್ರಮಾಣವನ್ನು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಕೋಶದಲ್ಲಿ ಅಳೆದಿರುತ್ತಾರೆ, ಆದರೆ ನಡುಹಗಲಿನ ಚಾವಣಿಯಲ್ಲಿ ಕೋಶ 60 ಡಿಗ್ರಿಯವರೆಗೂ ಕಾಯಬಹುದು. ಪ್ರತಿ ಡಿಗ್ರಿಗೆ ಶೇ 0.35ರಷ್ಟು ಇಳಿಕೆ ಎಂದಿಟ್ಟುಕೊಂಡರೆ ಅಲ್ಲಿಯೇ ಶೇ 12ರಷ್ಟು ಕಳೆದುಹೋಗುತ್ತದೆ. ಆದ್ದರಿಂದ ಫಲಕಗಳನ್ನು ಚಾವಣಿಗೆ ಅಂಟಿಸಿದಂತೆ ಕೂರಿಸದೆ, ಅಡಿಯಲ್ಲಿ ಗಾಳಿಯಾಡುವಂತೆ ಎತ್ತರಿಸಿ ಕೂರಿಸಬೇಕು. ಮೋಡ ಕವಿದ ದಿನವೂ ಉತ್ಪಾದನೆ ಪೂರ್ತಿ ನಿಲ್ಲುವುದಿಲ್ಲ. ಚದುರಿದ ಬೆಳಕಿನಿಂದಲೂ ಸ್ವಲ್ಪ ದೊರೆಯುತ್ತದೆ.

ಮೋಡಕ್ಕಿಂತ ಹೆಚ್ಚು ಹೆದರಬೇಕಾದುದು ನೆರಳಿಗೆ. ಕೋಶಗಳನ್ನು ಸರಣಿಯಾಗಿ ಜೋಡಿಸಿರುವುದರಿಂದ ನೆರಳಿಗೆ ಬಿದ್ದ ಒಂದು ಕೋಶ ಇಡೀ ಸಾಲಿನ ಪ್ರವಾಹವನ್ನು ತಗ್ಗಿಸಬಲ್ಲದು. ಇದನ್ನು ತಡೆಯಲು ಪ್ರತಿ ಫಲಕದಲ್ಲಿ ಸಾಮಾನ್ಯವಾಗಿ ಮೂರು ಬೈಪಾಸ್ ಡಯೋಡ್‌ಗಳಿರುತ್ತವೆ. ಅವು ನೆರಳಾದ ಭಾಗವನ್ನು ಬಿಟ್ಟು ಪಕ್ಕದ ದಾರಿಯಿಂದ ಪ್ರವಾಹವನ್ನು ಮುಂದೆ ಸಾಗಿಸುತ್ತವೆ, ಆದರೆ ಅಷ್ಟು ಹೊತ್ತು ಆ ಭಾಗದ ಉತ್ಪಾದನೆ ಇಲ್ಲವಾಗುತ್ತದೆ. ನೀರಿನ ಟ್ಯಾಂಕು, ಕೈಪಿಡಿ ಗೋಡೆ, ಪಕ್ಕದ ಮರ, ಡಿಶ್ ಆಂಟೆನಾ ಇವುಗಳ ನೆರಳು ಬೆಳಿಗ್ಗೆ 9ರಿಂದ ಮಧ್ಯಾಹ್ನ 3ರ ನಡುವೆ ಎಲ್ಲಿ ಬೀಳುತ್ತದೆ ಎಂದು ನೋಡಿ ಗುರುತು ಹಾಕಿಕೊಳ್ಳಬೇಕು, ಸೂರ್ಯ ಕೆಳಗಿಳಿದು ನೆರಳು ಉದ್ದವಾಗುವ ಚಳಿಗಾಲದಲ್ಲಂತೂ ತಪ್ಪದೆ ನೋಡಬೇಕು. ನೆರಳು ತಪ್ಪಿಸಲಾಗದ ಚಾವಣಿಗಳಲ್ಲಿ ಪ್ರತಿ ಫಲಕಕ್ಕೂ ಪ್ರತ್ಯೇಕವಾದ ಮೈಕ್ರೋ ಇನ್ವರ್ಟರ್ ಹಾಕಿಸುವುದು ದುಬಾರಿಯಾದರೂ ಪರಿಗಣಿಸತಕ್ಕ ಮಾತು.

ಜಾಗದ ವಿಷಯ ಅಷ್ಟು ತೊಡಕಿನದಲ್ಲ. ಈಗಿನ ಫಲಕಗಳಿಗೆ ಕಿಲೋವ್ಯಾಟ್ ಒಂದಕ್ಕೆ ಸುಮಾರು 5 ಚದರ ಮೀಟರ್ ಬೇಕು, ಓಡಾಡಿ ತೊಳೆಯಲು ಮತ್ತಷ್ಟು ಬಿಡಬೇಕು. ಫಲಕಗಳು ಭೂಮಧ್ಯರೇಖೆಯ ಕಡೆಗೆ ಮುಖ ಮಾಡಿ, ಆ ಸ್ಥಳದ ಅಕ್ಷಾಂಶಕ್ಕೆ ಹತ್ತಿರದ ಕೋನದಲ್ಲಿ ಓರೆಯಾಗಿದ್ದರೆ ವರ್ಷದ ಒಟ್ಟು ಉತ್ಪಾದನೆ ಚೆನ್ನಾಗಿರುತ್ತದೆ. ಚಾವಣಿ ಸೋರುತ್ತಿದ್ದರೆ ದುರಸ್ತಿಯನ್ನು ಮೊದಲೇ ಮುಗಿಸಬೇಕು, ಏಕೆಂದರೆ ಫಲಕಗಳು 25 ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಅಲ್ಲೇ ಇರಬೇಕಾದವು. ಇನ್ವರ್ಟರ್ ಮಾತ್ರ ಸಾಮಾನ್ಯವಾಗಿ 10ರಿಂದ 15 ವರ್ಷ ಬಾಳುತ್ತದೆ. ಅದನ್ನು ಒಮ್ಮೆ ಬದಲಿಸುವ ಖರ್ಚನ್ನು ಆರಂಭದ ಲೆಕ್ಕದಲ್ಲಿಯೇ ಸೇರಿಸಿಕೊಳ್ಳುವುದು ಒಳ್ಳೆಯದು.

ಕರೆಂಟು ಹೋದಾಗ ಚಾವಣಿಯ ಮೇಲೆ ಬಿಸಿಲಿದ್ದರೂ ಮನೆ ಏಕೆ ಕತ್ತಲಾಗುತ್ತದೆ ಎಂಬ ಪ್ರಶ್ನೆ ಹಲವರಿಗೆ ಎದುರಾಗುವುದು ಹಣ ಕೊಟ್ಟಾದ ಮೇಲೆ. ಬ್ಯಾಟರಿಯಿಲ್ಲದ, ಗ್ರಿಡ್‌ಗೆ (ಊರಿಗೆಲ್ಲ ವಿದ್ಯುತ್ ಪೂರೈಸುವ ಜಾಲಕ್ಕೆ) ಜೋಡಿಸಿದ ಸಾಮಾನ್ಯ ಇನ್ವರ್ಟರ್ ಫಲಕದ ಡಿಸಿ (ಒಂದೇ ದಿಕ್ಕಿಗೆ ಹರಿಯುವ) ವಿದ್ಯುತ್ತನ್ನು ಮನೆಯಲ್ಲಿ ಬಳಸುವ ಎಸಿ (ದಿಕ್ಕು ಬದಲಿಸುತ್ತ ಹರಿಯುವ ವಿದ್ಯುತ್) ಆಗಿ ಬದಲಿಸುವಾಗ ಗ್ರಿಡ್‌ನ ಲಯವನ್ನೇ ಅನುಸರಿಸುತ್ತದೆ. ಗ್ರಿಡ್ ನಿಂತರೆ ತಾನೂ ನಿಲ್ಲುತ್ತದೆ. ಇದು ದೋಷವಲ್ಲ. ಲೈನ್ ದುರಸ್ತಿಗೆ ಕಂಬ ಹತ್ತಿದವರ ಕಡೆಗೆ ಮನೆಯಿಂದ ವಿದ್ಯುತ್ ಹರಿಯಬಾರದು ಎಂದೇ ಹೀಗೆ ರೂಪಿಸಲಾಗಿದೆ. ಆ ಹೊತ್ತಿನಲ್ಲೂ ದೀಪ ಉರಿಯಬೇಕೆಂದರೆ ಹೈಬ್ರಿಡ್ ಇನ್ವರ್ಟರ್ (ಗ್ರಿಡ್ ಜೊತೆಗೆ ಬ್ಯಾಟರಿಯಿಂದಲೂ ನಡೆಯಬಲ್ಲದು) ಮತ್ತು ಬ್ಯಾಟರಿ ಬೇಕು. ಬ್ಯಾಟರಿಯ ಗಾತ್ರ ನಿರ್ಧರಿಸುವಾಗ ಇಡೀ ಮನೆಯನ್ನು ನಡೆಸುವ ಆಸೆ ಬಿಟ್ಟು, ದೀಪ, ಫ್ಯಾನು, ಫ್ರಿಜ್‌ನಂತಹ ಅಗತ್ಯದ ಉಪಕರಣಗಳ ವ್ಯಾಟ್‌ಗಳನ್ನು ಅವು ನಡೆಯುವ ಗಂಟೆಗಳಿಂದ ಗುಣಿಸಿ ಕೂಡಿಸಬೇಕು. ಪಂಪಿನ ಮೋಟಾರು ಶುರುವಾಗುವ ಕ್ಷಣದಲ್ಲಿ ನಡೆಯುವಾಗಿನ ಹಲವು ಪಟ್ಟು ಪ್ರವಾಹ ಎಳೆಯುವುದರಿಂದ, ಅದನ್ನು ಬ್ಯಾಟರಿಯ ಪಟ್ಟಿಯಿಂದ ಹೊರಗಿಡುವುದೇ ಲೇಸು.

ಹಗಲು ಮಿಕ್ಕ ವಿದ್ಯುತ್ ಏನಾಗುತ್ತದೆ ಎಂಬುದು ಸ್ಥಳೀಯ ನಿಯಮಕ್ಕೆ ಬಿಟ್ಟದ್ದು. ನೆಟ್ ಮೀಟರಿಂಗ್ ಇದ್ದಲ್ಲಿ ಗ್ರಿಡ್‌ಗೆ ಕಳಿಸಿದ ಯೂನಿಟ್‌ಗಳನ್ನು ಪಡೆದ ಯೂನಿಟ್‌ಗಳಿಂದ ಕಳೆಯುತ್ತಾರೆ. ಕೆಲವೆಡೆ ಕಳಿಸಿದ್ದಕ್ಕೆ ಸಿಗುವ ದರ ಕೊಳ್ಳುವ ದರಕ್ಕಿಂತ ಕಡಿಮೆ. ಅಂತಹ ಕಡೆ ಬಟ್ಟೆ ಒಗೆಯುವ ಯಂತ್ರ, ನೀರಿನ ಪಂಪು ಮುಂತಾದವನ್ನು ಹಗಲಿನಲ್ಲಿಯೇ ನಡೆಸಿದರೆ ಉಳಿತಾಯ ಹೆಚ್ಚು.

ಅಳವಡಿಸಿದ ಬಳಿಕ ಮನೆಯವರ ಪಾಲಿನ ಕೆಲಸ ಕಡಿಮೆ. ಗಾಜು ತಣ್ಣಗಿರುವ ಮುಂಜಾನೆ ಮೆದುವಾದ ಬಟ್ಟೆ ಮತ್ತು ನೀರಿನಿಂದ ತೊಳೆಯಬೇಕು. ಕಾದ ಗಾಜಿನ ಮೇಲೆ ತಣ್ಣೀರು ಸುರಿಯಬಾರದು. ಫಲಕಗಳ ನಡುವಿನ ಕನೆಕ್ಟರ್‌ಗಳನ್ನು ಸ್ವತಃ ಬಿಚ್ಚುವುದಂತೂ ಸಲ್ಲದು: ಮುಖ್ಯ ಸ್ವಿಚ್ ಆರಿಸಿದ್ದರೂ ಬೆಳಕಿರುವವರೆಗೆ ಸರಣಿಯಾಗಿ ಜೋಡಿಸಿದ ಫಲಕಗಳ ಸಾಲಿನಲ್ಲಿ ನೂರಾರು ವೋಲ್ಟ್ ಡಿಸಿ ಇದ್ದೇ ಇರುತ್ತದೆ. ಇನ್ವರ್ಟರ್ ತೋರಿಸುವ ದಿನದ ಯೂನಿಟ್‌ಗಳನ್ನು ಆಗಾಗ ಬರೆದಿಟ್ಟುಕೊಂಡು, ಅದೇ ಋತುವಿನ ಮತ್ತೊಂದು ಶುಭ್ರ ದಿನದ ಅಂಕಿಯೊಂದಿಗೆ ಹೋಲಿಸಬೇಕು. ದೂಳೂ ಇಲ್ಲದೆ, ಹೊಸ ನೆರಳೂ ಇಲ್ಲದೆ ಅಂಕಿ ಒಮ್ಮೆಲೇ ಕುಸಿದಿದ್ದರೆ ಸಾಲೊಂದು ಕೆಟ್ಟಿರುವ ಸಾಧ್ಯತೆ ಹೆಚ್ಚು. ಆಗ ಅಳವಡಿಸಿದವರನ್ನು ಕರೆಸಿ ಪ್ರತಿ ಸಾಲಿನ ವೋಲ್ಟೇಜನ್ನು ಬೇರೆಬೇರೆಯಾಗಿ ಅಳೆಸಬೇಕು.