ಸ್ಟೀಲ್ ಕಾಯಿಲ್‌ಗೆ ಟೆಂಪರೇಚರ್ ಕಂಟ್ರೋಲ್: ನನ್ನ ಅನುಭವ

ವೇಪ್‌ನಲ್ಲಿ, ಅಂದರೆ ಇ-ಸಿಗರೇಟಿನಲ್ಲಿ, ಜ್ಯೂಸ್ ಕಾಯಿಸೋಕೆ ಸ್ಟೀಲ್ ತಂತಿಯ ಕಾಯಿಲ್ ಇಟ್ಟುಕೊಂಡು ಟೆಂಪರೇಚರ್ ಹಿಡಿಯೋದೇ ಕಷ್ಟ, ಅದೂ ಕಂಟ್ರೋಲರ್ ಒಳಗಿನ 12 ಬಿಟ್ ಎಡಿಸಿಯಲ್ಲಿ (ವೋಲ್ಟೇಜನ್ನು ಅಂಕಿಯಾಗಿಸೋ ಭಾಗ) ಆಗೋ ಮಾತಲ್ಲ ಅಂದಿದ್ದರು. ಈಗ ಆಗಿದೆ. 220 ಡಿಗ್ರಿಗೆ ಇಟ್ಟರೆ ಹೆಚ್ಚುಕಮ್ಮಿ 5 ಡಿಗ್ರಿ ಆಚೀಚೆ ನಿಲ್ಲುತ್ತದೆ.

ತಂತಿಯ ರೆಸಿಸ್ಟೆನ್ಸ್ ಎಷ್ಟು ಏರಿತು ಅಂತ ನೋಡಿಯೇ ಬಿಸಿ ಲೆಕ್ಕ ಹಾಕೋದು. ಅದಕ್ಕೆ ನಿಕಲ್ ಸುಲಭ. 2014ರಲ್ಲಿ ಡಿಎನ್‌ಎ 40 ಅನ್ನೋ ವೇಪ್ ಬೋರ್ಡ್ ನಿಕಲ್ ತಂತಿಯನ್ನು ನೆಚ್ಚಿಕೊಂಡಿದ್ದು ಸುಮ್ನೆ ಅಲ್ಲ. ಅದರ ಟಿಸಿಆರ್ (ಒಂದು ಡಿಗ್ರಿಗೆ ರೆಸಿಸ್ಟೆನ್ಸ್ ಎಷ್ಟು ಪಾಲು ಏರುತ್ತದೆ ಅನ್ನೋ ಅಂಕಿ) 0.006 ಹತ್ತಿರ, 200 ಡಿಗ್ರಿ ಏರಿದರೆ ರೆಸಿಸ್ಟೆನ್ಸ್ ಎರಡು ಪಟ್ಟು ದಾಟುತ್ತದೆ. ನಾನು ಹಾಕೋ ಸ್ಟೀಲ್ 316ಎಲ್‌ಗೆ 0.0009 ಆಸುಪಾಸು. 0.4 ಓಮ್ ಕಾಯಿಲ್ ಅಷ್ಟೇ ಬಿಸಿಗೆ 70 ಮಿಲಿಓಮ್ ಏರಿದರೆ ದೊಡ್ಡದು. ಕಾಯಿಲ್ ಕಡೆಗೆ ಕರೆಂಟ್ ಹೋಗೋ 510 ಪಿನ್ ಮೇಲೆ ಜ್ಯೂಸ್ ಕೂತು 4 ಮಿಲಿಓಮ್ ಜಾಸ್ತಿಯಾದರೆ ಹತ್ತು ಡಿಗ್ರಿ ಸುಳ್ಳು.

ಮೊದಲು ದುಡ್ಡು ಹೋಗಿದ್ದು ಹೊರಗಿನ 16 ಬಿಟ್ ಎಡಿಸಿಗೆ. ಉಳಿದ ಬೋರ್ಡಿಗೆ ಬಿದ್ದಷ್ಟು ಖರ್ಚು ಅದೊಂದಕ್ಕೇ ಬಿತ್ತು. ಅಂಕಿ ಕುಣಿಯೋದು ಮಾತ್ರ ನಿಲ್ಲಲಿಲ್ಲ. ಆಮೇಲೆ ಪಿಐಡಿ (ಬಿಸಿಯನ್ನು ಗುರಿಗೆ ತಂದು ನಿಲ್ಲಿಸೋ ಲೆಕ್ಕ) ತಿರುಚುತ್ತಾ ವಾರಗಟ್ಟಲೆ ಹೋಯಿತು, ಒಂದಷ್ಟು ಮಾಸ್‌ಫೆಟ್ (ಪವರ್ ಸ್ವಿಚ್) ಸುಟ್ಟವು. ಕೊನೆಗೆ ಆಸಿಲೋಸ್ಕೋಪ್ ಹಾಕಿದಾಗ ಕಳ್ಳ ಸಿಕ್ಕಿದ. ವೋಲ್ಟೇಜ್ ಇಳಿಸೋ ಬಕ್ ಕನ್ವರ್ಟರ್‌ನ ರಿಪಲ್, ಅಂದರೆ ಸಣ್ಣ ಅಲೆ! ರೀಡಿಂಗ್ ಪ್ರತಿ ಸಲ ಅದರ ಬೇರೆ ಬೇರೆ ಜಾಗದಲ್ಲಿ ಬೀಳುತ್ತಿತ್ತು. ಎಡಿಸಿ ಟ್ರಿಗರನ್ನು ಆ ಕನ್ವರ್ಟರನ್ನು ಆನ್-ಆಫ್ ಮಾಡೋ ಪಿಡಬ್ಲ್ಯೂಎಂ ಟೈಮರಿಗೇ ಕಟ್ಟಿದೆ. ವೋಲ್ಟೇಜು, ಕರೆಂಟು ಎರಡನ್ನೂ ಒಂದೇ ಗಳಿಗೆಯಲ್ಲಿ ಓದಿ, 64 ಸಲದ ಸರಾಸರಿ ತೆಗೆದೆ. ಆ ದುಬಾರಿ ಚಿಪ್ ಈಗ ಡಬ್ಬಿಯಲ್ಲಿದೆ. ಪಿಐಡಿಯಲ್ಲಿ ಡಿ (ಬದಲಾವಣೆಯ ವೇಗ ನೋಡೋ ಭಾಗ) ಬೇಕೇ ಆಗಲಿಲ್ಲ. ಗುರಿ ಹತ್ತಿರ ಬರೋವರೆಗೆ ಐ (ಹಿಂದಿನ ತಪ್ಪುಗಳ ಮೊತ್ತ) ಕೂಡಿಸಬೇಡಿ, ಅಷ್ಟೇ.

ನಿಜವಾದ ತಲೆನೋವು ತಣ್ಣನೆಯ ರೆಸಿಸ್ಟೆನ್ಸ್, ಲೆಕ್ಕ ಶುರುವಾಗೋದೇ ಅಲ್ಲಿಂದ. ಕಾಯಿಲ್ ಬೆಚ್ಚಗಿರುವಾಗ ಅದನ್ನು ಹಿಡಿದರೆ ಸ್ಕ್ರೀನು 220 ತೋರಿಸುತ್ತದೆ, ಒಳಗೆ ಜ್ಯೂಸ್ ಹೀರೋ ಹತ್ತಿ ಸುಡುತ್ತಿರುತ್ತದೆ. ‘ಹೊಸ ಕಾಯಿಲಾ?’ ಅಂತ ಬಳಸುವವರನ್ನೇ ಕೇಳೋದು ಎಲ್ಲರ ದಾರಿ. ನಾನು ಚಿಕ್ಕ ಪಲ್ಸ್ ಕೊಟ್ಟು ರೆಸಿಸ್ಟೆನ್ಸ್ ಇಳಿಯುತ್ತಿದೆಯಾ ನೋಡುತ್ತೇನೆ. ಇಳಿಯೋದು ನಿಂತ ಮೇಲೆ ಬೋರ್ಡಿನ ಬಿಸಿ ಅಳೆಯೋ ಥರ್ಮಿಸ್ಟರ್ ಜೊತೆ ತಾಳೆ ಹಾಕಿ ಒಪ್ಪುತ್ತೇನೆ. ಪಿನ್‌ನ ರೆಸಿಸ್ಟೆನ್ಸನ್ನು ಹೇಗೆ ಕಳೆಯುತ್ತೇನೆ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ.

ನಡುವೆ ಒಂದು ಆಟ ಆಡಿದೆ. ಹತ್ತಿಯನ್ನು ಬರೀ ಡಿಸ್ಟಿಲ್ಡ್ ನೀರಲ್ಲಿ ನೆನೆಸಿ ಫೈರ್ ಮಾಡಿದೆ. ಗ್ರಾಫು 100 ದಾಟಿ ಸ್ವಲ್ಪ ಮೇಲೆ ಚಪ್ಪಟೆಯಾಗಿ ನಿಂತಿತು, ನೀರು ಮುಗಿದೊಡನೆ ಜಿಗಿಯಿತು. ಬಿಟ್ಟಿ ಕ್ಯಾಲಿಬ್ರೇಷನ್ ಅಲ್ವಾ? ಆ ಜಿಗಿತದ ವೇಗವೇ ಈಗ ನನ್ನ ಡ್ರೈ ಹಿಟ್ (ಒಣಗಿದ ಹತ್ತಿ ಸುಡೋದು) ಡಿಟೆಕ್ಷನ್. ಒಂದೇ ಲೇಬಲ್‌ನ ಎರಡು ಸುರುಳಿ ತಂತಿಗೆ ಟಿಸಿಆರ್ ಬೇರೆ ಬೇರೆ ಅಂತ ಗೊತ್ತಾಗಿದ್ದೂ ಇದರಿಂದಲೇ. ಬಿಸಿಗೆ ರೆಸಿಸ್ಟೆನ್ಸ್ ಹೆಚ್ಚುಕಮ್ಮಿ ಬದಲಾಗದ ಕ್ಯಾಂಥಲ್ ತಂತಿ ಕೂಡ ಹಾಕಿ ನೋಡಿದೆ, ಅಂಕಿ ಅಲ್ಲಾಡಲೇ ಇಲ್ಲ.

ಕಾಯಿಲ್‌ನ ಒಂದೇ ಸುತ್ತು ಅತಿಯಾಗಿ ಕಾದರೂ ಸಾಫ್ಟ್‌ವೇರಿಗೆ ಸಿಗೋದು ಸರಾಸರಿ ಮಾತ್ರ. ಅದಕ್ಕೆ ಕೋಡ್‌ನಲ್ಲಿ ಮದ್ದಿಲ್ಲ, ತಂತಿಯನ್ನು ಸಮನಾಗಿ ಸುತ್ತಬೇಕು. ಸೆಟ್ಟಿಂಗನ್ನು 250ರ ಮೇಲೆ ಏರದ ಹಾಗೆ ಕಟ್ಟಿಹಾಕಿದ್ದೇನೆ.