ರೆಕ್ಕೆಯೊಳಗಿನ ತೋಳು

ಗಾಯಗೊಂಡ ಹಕ್ಕಿ, ಬಾವಲಿಗಳನ್ನು ಆರೈಕೆ ಮಾಡಿ ಮತ್ತೆ ಹಾರಲು ಬಿಡುವ ಕೆಲಸದಲ್ಲಿ ನಾನು ಬಹಳ ವರ್ಷಗಳಿಂದ ಇದ್ದೇನೆ. ನಾನು ಪಶುವೈದ್ಯಳಲ್ಲ. ವೈದ್ಯರ ಬಳಿ ತಲುಪುವವರೆಗೆ ಜೀವ ಹಿಡಿದಿಡುವುದು, ಚಿಕಿತ್ಸೆಯ ಬಳಿಕ ಹಾರುವಷ್ಟು ಬಲ ಬರುವವರೆಗೆ ನೋಡಿಕೊಳ್ಳುವುದು, ಇಷ್ಟು ನನ್ನ ಪಾಲಿನದು. ಮನುಷ್ಯನಿಗೂ ಉಳಿದ ಜೀವಿಗಳಿಗೂ ನಂಟಿದೆ ಎಂದರೆ ಇಲ್ಲ ಅನ್ನುವವರು ಕಡಿಮೆ. ಆ ನಂಟು ಎಲ್ಲಿಯವರೆಗೆ ಇದೆ, ಎಲ್ಲಿ ಮುಗಿಯುತ್ತದೆ ಎಂಬುದನ್ನು ನನಗೆ ಕಲಿಸಿದ್ದು ಈ ಕೆಲಸ.

ರೆಕ್ಕೆ ಜೋತುಬಿದ್ದ ಹಕ್ಕಿ ಬಂದಾಗ ನನ್ನ ತೋಳೇ ನನಗೆ ನಕ್ಷೆ. ಭುಜದಿಂದ ಮೊಣಕೈವರೆಗೆ ಒಂದು ಮೂಳೆ, ಅಲ್ಲಿಂದ ಮಣಿಕಟ್ಟಿನವರೆಗೆ ಎರಡು, ಆಮೇಲೆ ಬೆರಳುಗಳು. ಹಕ್ಕಿಯಲ್ಲೂ ಇದೇ ಕ್ರಮ. ಬೆರಳುಗಳು ಮಾತ್ರ ಮೂರಕ್ಕೆ ಇಳಿದು ಒಂದಕ್ಕೊಂದು ಬೆಸೆದುಕೊಂಡಿವೆ. ಬಾವಲಿಯದಂತೂ ಪೂರ್ತಿ ಕೈಯೇ. ಹೆಬ್ಬೆರಳು ಬಿಡಿಯಾಗಿ ನಿಂತಿದೆ, ಉಳಿದ ನಾಲ್ಕು ಬೆರಳು ಉದ್ದಕ್ಕೆ ಬೆಳೆದು ನಡುವೆ ಚರ್ಮ ಹರಡಿದೆ. ಹಕ್ಕಿಗೂ ನಮಗೂ ಒಬ್ಬನೇ ಪೂರ್ವಜ ಇದ್ದದ್ದು ಸುಮಾರು 32 ಕೋಟಿ ವರ್ಷಗಳ ಹಿಂದೆ. ಅಷ್ಟು ಕಾಲ ಕಳೆದರೂ, ಎಲ್ಲಿ ಮುರಿದಿದೆ ಎಂದು ಹುಡುಕುವಾಗ ನನ್ನ ಎಡಗೈಯನ್ನು ಮಡಿಚಿ ನೋಡಿಕೊಂಡರೆ ಸಾಕಾಗುತ್ತದೆ.

ಆದರೆ ಇಷ್ಟನ್ನೇ ನಂಬಿ ಮುಂದುವರಿದರೆ ಹಕ್ಕಿ ಸಾಯುತ್ತದೆ. ನಮಗೆ ಎದೆಗೂ ಹೊಟ್ಟೆಗೂ ನಡುವೆ ಉಸಿರಾಟಕ್ಕೆ ನೆರವಾಗುವ ಸ್ನಾಯುಪದರ, ವಪೆ ಇದೆ; ಎದೆಯನ್ನು ಯಾರಾದರೂ ಬಿಗಿಯಾಗಿ ಅಪ್ಪಿದರೂ ಉಸಿರಾಡುತ್ತೇವೆ. ಹಕ್ಕಿಗೆ ಅದಿಲ್ಲ. ಎದೆಮೂಳೆ ಮುಂದಕ್ಕೂ ಹಿಂದಕ್ಕೂ ಆಡಿದರೆ ಮಾತ್ರ ಅದರೊಳಗೆ ಗಾಳಿ ಓಡಾಡುತ್ತದೆ. ಪಾಪ ಎಂದು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದವರ ಕೈಯಲ್ಲೇ ಎಷ್ಟೋ ಹಕ್ಕಿಗಳು ಉಸಿರುಗಟ್ಟುತ್ತವೆ. ಅನೇಕ ಹಕ್ಕಿಗಳ ಮೇಲ್ತೋಳಿನ ಮೂಳೆ ಟೊಳ್ಳಾಗಿದ್ದು, ಶ್ವಾಸಕೋಶಕ್ಕೆ ಜೋಡಿಕೊಂಡಿರುವ ಗಾಳಿಚೀಲಕ್ಕೆ ಸೇರಿಕೊಂಡಿರುತ್ತದೆ. ಅದು ಮುರಿದು ಹೊರಬಂದಿದ್ದರೆ, ತೊಳೆಯಲೆಂದು ಸುರಿದ ನೀರು ಉಸಿರಾಟದ ದಾರಿಗೇ ಇಳಿಯಬಹುದು. ಹಾಗಾಗಿ ಅಂಥ ಗಾಯವನ್ನು ನಾನು ತೊಳೆಯುವುದಿಲ್ಲ; ಶುದ್ಧ ಬಟ್ಟೆ ಮುಚ್ಚಿ ವೈದ್ಯರಲ್ಲಿಗೆ ಒಯ್ಯುತ್ತೇನೆ.

ಹಕ್ಕಿಯ ಮೈ ಬಿಸಿ ಸಾಮಾನ್ಯವಾಗಿ 40ರಿಂದ 42 ಡಿಗ್ರಿ ಸೆಲ್ಸಿಯಸ್. ನಮ್ಮ ಅಂಗೈಗೆ ಅದು ಬೆಚ್ಚಗೆ ತಾಗಬೇಕು. ತಣ್ಣಗೆ ಅನ್ನಿಸಿದರೆ ಸ್ಥಿತಿ ಗಂಭೀರ. ಆಗ ಮೊದಲು ಕೊಡಬೇಕಾದದ್ದು ಶಾಖ. ಗಾಳಿಯಾಡುವ ತೂತುಗಳಿರುವ ರಟ್ಟಿನ ಪೆಟ್ಟಿಗೆ, ಒಳಗೆ ಮೆತ್ತನೆ ಬಟ್ಟೆ, ಒಂದು ಬದಿಯಲ್ಲಿ ಮಾತ್ರ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ. ಸೆಕೆಯಾದರೆ ಹಕ್ಕಿ ಇನ್ನೊಂದು ಬದಿಗೆ ಸರಿಯಲು ಜಾಗ ಬೇಕಲ್ಲ. ಬಾಯಿಗೆ ನೀರು ಹನಿಸಬೇಡಿ ಎಂದು ಕರೆ ಮಾಡಿದವರಿಗೆಲ್ಲ ಹೇಳುತ್ತೇನೆ. ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇದೆ, ಸುರಿದ ನೀರು ನೇರ ಅಲ್ಲಿಗೆ ಹೋಗುತ್ತದೆ. ಹಾಲಂತೂ ಬೇಡವೇ ಬೇಡ; ಅದನ್ನು ಅರಗಿಸಿಕೊಳ್ಳುವ ಶಕ್ತಿ ಹಕ್ಕಿಗಿಲ್ಲ. ಬೆಕ್ಕು ಕಚ್ಚಿದ್ದರೆ ಗಾಯ ಕಾಣದಿದ್ದರೂ ಅದೇ ದಿನ ವೈದ್ಯರಿಗೆ ತೋರಿಸಬೇಕು, ಬೆಕ್ಕಿನ ಬಾಯಿಯ ಬ್ಯಾಕ್ಟೀರಿಯಾ ಹಕ್ಕಿಯ ರಕ್ತಕ್ಕೆ ಸೇರಿ ಬೇಗ ಕೊಲ್ಲುತ್ತದೆ. ಬಾವಲಿಯನ್ನು ಯಾರೂ ಬರಿಗೈಯಲ್ಲಿ ಮುಟ್ಟಬಾರದು. ರೇಬೀಸ್ ಹರಡುವ ವಿಷಯದಲ್ಲಿ ಸಸ್ತನಿಗಳಾದ ನಾವೂ ಅದೂ ಒಂದೇ ಕುಟುಂಬ.

ಇವೆಲ್ಲ ತಿಳಿದ ಮೇಲೂ ಕಷ್ಟವೆನಿಸುವುದು ಸುಮ್ಮನಿರುವುದು. ನೋವಾದ ಮಗುವಿನ ತಲೆ ಸವರಿ ಸಮಾಧಾನ ಹೇಳುವುದು ನಮಗೆ ಸಹಜ. ಕಾಡಿನ ಜೀವಕ್ಕೆ ಅದೇ ಸವರುವ ಕೈ ಬೇಟೆಗಾರನ ಕೈ, ಅದೇ ದನಿ ಅಪಾಯದ ದನಿ. ಅಲುಗಾಡದೆ ಕೂತ ಹಕ್ಕಿಯನ್ನು ನೋಡಿ ‘ನನ್ನ ಹತ್ತಿರ ಎಷ್ಟು ನೆಮ್ಮದಿಯಾಗಿದೆ’ ಅನ್ನುತ್ತಾರೆ. ಬಹಳ ಸಲ ಅದು ಭಯದಿಂದ ಮರಗಟ್ಟಿರುತ್ತದೆ. ಭಯವೊಂದೇ ದುರ್ಬಲ ಪ್ರಾಣಿಯನ್ನು ಕೊಲ್ಲಬಲ್ಲದು. 2012ರಲ್ಲಿ ಕೇಂಬ್ರಿಜ್‌ನಲ್ಲಿ ಸೇರಿದ ನರವಿಜ್ಞಾನಿಗಳು, ಪ್ರಜ್ಞೆಗೆ ಬೇಕಾದ ನರವ್ಯವಸ್ಥೆ ಮನುಷ್ಯನಿಗಷ್ಟೇ ಸೀಮಿತವಲ್ಲ, ಸಸ್ತನಿಗಳಲ್ಲೂ ಹಕ್ಕಿಗಳಲ್ಲೂ ಆಕ್ಟೋಪಸ್‌ನಲ್ಲೂ ಇದೆ ಎಂದು ಘೋಷಿಸಿದರು. 2024ರ ನ್ಯೂಯಾರ್ಕ್ ಘೋಷಣೆ ಮೀನು, ಕಪ್ಪೆ, ಕೀಟಗಳಲ್ಲೂ ಆ ಸಾಧ್ಯತೆ ತಳ್ಳಿಹಾಕುವಂತಿಲ್ಲ ಎಂದಿತು. ಪೆಟ್ಟಿಗೆಯ ಮುಚ್ಚಳ ಹಾಕಿ, ಕತ್ತಲು ಮಾಡಿ, ದೂರ ಕೂರುವಾಗ ನಾನು ಇದನ್ನು ನೆನೆಯುತ್ತೇನೆ. ಒಳಗಿರುವುದಕ್ಕೆ ಭಯ ಗೊತ್ತು. ಹಾಗಾಗಿಯೇ ನಾನು ಅದರ ಕಣ್ಣಿಗೆ ಬೀಳಬಾರದು.

ಮರಿಗಳ ವಿಷಯದಲ್ಲಿ ಇನ್ನೂ ಬಿಗಿಯಾಗಿರುತ್ತೇನೆ. ಗರಿ ಬಂದು ನೆಲದಲ್ಲಿ ಕುಪ್ಪಳಿಸುತ್ತಿರುವ ಮರಿ ಹಾರಲು ಕಲಿಯುತ್ತಿರುತ್ತದೆ, ತಾಯಿ ತಂದೆ ಹತ್ತಿರದಲ್ಲೇ ಇರುತ್ತವೆ. ಬೆಕ್ಕು ನಾಯಿಗಳನ್ನು ದೂರವಿಟ್ಟರೆ ನಮ್ಮ ಕೆಲಸ ಮುಗಿಯಿತು. ಗರಿಯಿಲ್ಲದ ಮರಿ ಬಿದ್ದಿದ್ದರೆ ಅದೇ ಗೂಡಿಗೆ ಮರಳಿ ಇಡಬಹುದು. ಮನುಷ್ಯ ಮುಟ್ಟಿದರೆ ತಾಯಿ ತೊರೆಯುತ್ತದೆ ಎಂಬುದು ನಿಜವಲ್ಲ. ನನ್ನ ಬಳಿಯೇ ಬೆಳೆಯಬೇಕಾದ ಮರಿಯನ್ನು ಆದಷ್ಟೂ ಅದೇ ಜಾತಿಯ ಇನ್ನೊಂದರ ಜೊತೆ ಇಡುತ್ತೇನೆ, ಹೆಸರಿಡುವುದಿಲ್ಲ, ಮಾತಾಡಿಸುವುದಿಲ್ಲ. ಮೊಟ್ಟೆಯಿಂದ ಹೊರಬಂದ ಹೆಬ್ಬಾತಿನ ಮರಿಗಳು ಮೊದಲು ಕಂಡವರನ್ನೇ ಹಿಂಬಾಲಿಸುವುದನ್ನು ಪ್ರಾಣಿ ವರ್ತನೆಯ ವಿಜ್ಞಾನಿ ಕಾನ್ರಾಡ್ ಲೊರೆನ್ಜ್ ವಿವರವಾಗಿ ಅಧ್ಯಯನ ಮಾಡಿದರು. ಹಾಗೆ ಮನುಷ್ಯನಿಗೆ ಅಂಟಿಕೊಂಡ ಹಕ್ಕಿ ತನ್ನವರ ನಡುವೆ ಬಾಳುವುದು ಕಷ್ಟ. ಪ್ರೀತಿಯಿಂದಲೇ ಮಾಡುವ ಅನ್ಯಾಯವಿದು, ನನಗೆ ಸಹಿಸಲಾಗದ್ದು.

ಈಗೀಗ ನನ್ನ ಸಮಯ ಹೆಚ್ಚು ಹೋಗುತ್ತಿರುವುದು ಕಿಟಕಿಗಳಿಗೆ. ಬರುವ ಹಕ್ಕಿಗಳಲ್ಲಿ ಗಾಜಿಗೆ ಬಡಿದವು ಬಹಳ. ಗಾಜಿನಲ್ಲಿ ಕಾಣುವ ಆಕಾಶವನ್ನೂ ಮರವನ್ನೂ ಅವು ನಿಜವೆಂದೇ ತಿಳಿಯುತ್ತವೆ. ಗಿಡುಗನ ಆಕಾರದ ಒಂದು ಸ್ಟಿಕ್ಕರ್ ಅಂಟಿಸಿದರೆ ಅದರ ಪಕ್ಕದಲ್ಲೇ ಬಂದು ಬಡಿಯುತ್ತವೆ. ಗಾಜಿನ ಹೊರಮೈಮೇಲೆ, ಪೂರ್ತಿ ಅಗಲಕ್ಕೆ, 5 ಸೆಂಟಿಮೀಟರಿಗೊಂದರಂತೆ ಚುಕ್ಕಿ ಇಟ್ಟರೆ ಬಡಿಯುವುದು ತುಂಬ ಕಡಿಮೆಯಾಗುತ್ತದೆ. ಒಳಗಡೆ ಅಂಟಿಸಿದರೆ ಪ್ರತಿಬಿಂಬದಲ್ಲಿ ಚುಕ್ಕಿ ಮುಚ್ಚಿಹೋಗುತ್ತದೆ. ಅಂದ ಕೆಡುತ್ತದೆ ಎಂದು ಹಿಂಜರಿಯುವವರ ಮನೆಗೆ ನಾನೇ ಚುಕ್ಕಿ, ಅಳತೆಪಟ್ಟಿ ಹಿಡಿದು ಹೋಗಿ, ಹಕ್ಕಿ ಹೆಚ್ಚು ಬಡಿಯುವ ಒಂದು ಕಿಟಕಿಗೆ ಮೊದಲು ಹಾಕಿಕೊಡುತ್ತೇನೆ. ಉಳಿದ ಕಿಟಕಿಗಳಿಗೆ ಹೆಚ್ಚಿನವರು ತಾವೇ ಹಾಕಿಕೊಳ್ಳುತ್ತಾರೆ.