ಚಿಂಪಾಂಜಿ ಎಂಬ ಪದವನ್ನು ಬಳಸುವ ಬಗೆ

ಇಂಗ್ಲಿಷಿನ ‘ಚಿಂಪಾಂಜಿ’ ಎಂಬುದು ಆಫ್ರಿಕಾದ ಕಾಡುಗಳಲ್ಲಿ ವಾಸಿಸುವ, ಬಾಲವಿಲ್ಲದ ದೊಡ್ಡ ಪ್ರಾಣಿಯೊಂದರ ಹೆಸರು. ಮಧ್ಯ ಆಫ್ರಿಕಾದ ಬಂಟು ನುಡಿಯೊಂದರಿಂದ ಬಂದ ಈ ಪದವು 1738ರ ಹೊತ್ತಿಗೆ ಇಂಗ್ಲಿಷ್ ಬರಹದಲ್ಲಿ ಕಾಣಿಸಿಕೊಂಡಿತು. ಇಂಗ್ಲಿಷಿನಲ್ಲಿ ಉಚ್ಚರಿಸುವಾಗ ಒತ್ತು ಕೊನೆಯ ‘ಜೀ’ ಮೇಲೆ ಬೀಳಬೇಕು. ಆಡುಮಾತಿನಲ್ಲಿ ‘ಚಿಂಪ್’ ಎನ್ನುವುದುಂಟು, ಆದರೆ ಗಂಭೀರ ಬರಹಕ್ಕೆ ಪೂರ್ಣರೂಪವೇ ಲೇಸು.

ಅನುವಾದಿಸುವವರು ಹೆಚ್ಚಾಗಿ ಎಡವುವುದು ‘ಮಂಕಿ’ ಮತ್ತು ‘ಏಪ್’ ಪದಗಳ ನಡುವೆ. ನಮ್ಮ ಕೋತಿ, ಮುಸುವಗಳು ಮಂಕಿಗಳು. ಚಿಂಪಾಂಜಿಯಾದರೋ ಗೊರಿಲ್ಲಾ, ಒರಾಂಗುಟಾನ್‌ಗಳಂತೆ ಬಾಲವಿಲ್ಲದ ಏಪ್. ಆದ್ದರಿಂದ ‘ಚಿಂಪಾಂಜಿ ಎಂಬ ಮಂಗ’ ಎಂದು ಬರೆಯಬಾರದು. ‘ವಾನರ’ ಎನ್ನಬಹುದು, ಆದರೆ ಆ ಪದ ಕೇಳಿದೊಡನೆ ನಮಗೆ ಹನುಮಂತನ ಬಾಲವೇ ನೆನಪಾಗುವುದರಿಂದ, ‘ಬಾಲವಿಲ್ಲದ ವಾನರ’ ಎಂದು ಬಿಡಿಸಿ ಹೇಳುವುದು ಒಳ್ಳೆಯದು. ಬೊನೊಬೊ ಇದರ ಹತ್ತಿರದ ಬಂಧುವಾದರೂ ಬೇರೆಯೇ ಪ್ರಭೇದವಾಗಿರುವುದರಿಂದ, ಅದಕ್ಕೆ ಈ ಹೆಸರನ್ನು ಅಂಟಿಸಬಾರದು.

ಕನ್ನಡದಲ್ಲಿ ಪದವು ನಪುಂಸಕಲಿಂಗ, ಬಹುವಚನ ‘ಚಿಂಪಾಂಜಿಗಳು’. ಪ್ರಯೋಗ ಹೀಗಿರಲಿ: ‘1960ರಲ್ಲಿ ಟಾಂಜಾನಿಯಾದ ಗೊಂಬೆ ಎಂಬ ಕಾಡಿನಲ್ಲಿ, ಚಿಂಪಾಂಜಿಯೊಂದು ಹುಲ್ಲುಕಡ್ಡಿಯನ್ನು ಹುತ್ತದೊಳಕ್ಕೆ ತೂರಿಸಿ ಗೆದ್ದಲು ಹಿಡಿದು ತಿನ್ನುವುದನ್ನು ಸಂಶೋಧಕಿ ಜೇನ್ ಗುಡಾಲ್ ಕಂಡರು.’ ಮನುಷ್ಯರನ್ನು ಈ ಹೆಸರಿನಿಂದ ಕರೆಯುವುದು ಎರಡೂ ಭಾಷೆಗಳಲ್ಲಿ ಅವಮಾನಕರ.